ವಿಎಫ್‌ಡಿ ಮೋಟಾರ್: ನಾಲ್ಕೇ ತಿಂಗಳಿಗೆ ಬೇರಿಂಗ್ ಸದ್ದು, ಡ್ರೈವಲ್ಲಿ ಫಾಲ್ಟ್ ಇಲ್ಲ

ಫೇಸ್_ಮೂರು: 22 ಕಿಲೋವ್ಯಾಟ್, ನಾಲ್ಕು ಪೋಲ್ ಮೋಟಾರ್, ವೇಗ ಬದಲಿಸೋ ಡ್ರೈವ್ (ವಿಎಫ್‌ಡಿ) ಮೇಲೆ ಓಡುತ್ತೆ. ಹೊಸ ಬೇರಿಂಗ್ ಹಾಕಿ ನಾಲ್ಕು ತಿಂಗಳಾಗಿಲ್ಲ, ಮತ್ತೆ ಗುಂಯ್ ಅಂತಿದೆ. ಮೂರೂ ಫೇಸಲ್ಲಿ ಕರೆಂಟ್ ಸಮ, ಅಲೈನ್‌ಮೆಂಟ್ ಎರಡು ಸಲ ನೋಡಾಯ್ತು. ಕಂಪನ 1.6ರಿಂದ 2.9 ಮಿ.ಮೀ/ಸೆ.ಗೆ ಏರಿದೆ. ಇನ್ನೇನು ಬಾಕಿ? ತಲೆ ಕೆಟ್ಟುಹೋಗಿದೆ.

ಬಸ್‌ಬಾರ್: ಡ್ರೈವ್ ಒಳಗಿನ ಡಿಸಿ ಬಸ್ ಕೆಪ್ಯಾಸಿಟರ್ ಸೋತಿದೆ. ಫುಲ್ ಲೋಡಲ್ಲಿ ರಿಪಲ್ (ಡಿಸಿ ವೋಲ್ಟೇಜ್ ಮೇಲಿನ ಏರಿಳಿತ) ನೋಡಿ.

ಸ್ಕೋಪ್‌ನೋಟ: ಕೆಪ್ಯಾಸಿಟರ್‌ಗೂ ಬೇರಿಂಗ್ ನಾಲ್ಕು ತಿಂಗಳಿಗೆ ಹೋಗೋದಕ್ಕೂ ಏನು ಸಂಬಂಧ ಸರ್? ಸ್ಟಾಪ್ ಮೋಡ್ ಕೋಸ್ಟ್‌ಗೆ (ಔಟ್‌ಪುಟ್ ಕಟ್ಟಾಗಿ ಶಾಫ್ಟ್ ತಾನೇ ಸುತ್ತಿ ನಿಲ್ಲೋ ಹಾಗೆ) ಇಟ್ಟು ನಿಲ್ಲಿಸಿ. ಔಟ್‌ಪುಟ್ ಕಟ್ಟಾದ ಕ್ಷಣವೇ ಸದ್ದು ನಿಂತರೆ ಎಲೆಕ್ಟ್ರಿಕಲ್. ಶಾಫ್ಟ್ ಜೊತೆಗೇ ಇಳೀತಾ ಹೋದರೆ ಬೇರಿಂಗ್. ಕ್ಯಾರಿಯರ್ (ಡ್ರೈವ್‌ನ ಸ್ವಿಚಿಂಗ್ ಫ್ರೀಕ್ವೆನ್ಸಿ) ಎಷ್ಟು, ಕೇಬಲ್ ಯಾವುದು, ಅದನ್ನೇ ಬರೆದಿಲ್ಲವಲ್ಲ.

ಫೇಸ್_ಮೂರು: ಶಾಫ್ಟ್ ಜೊತೆಗೇ ಇಳಿಯುತ್ತೆ. ಕ್ಯಾರಿಯರ್ 12 ಕಿಲೋಹರ್ಟ್ಸ್. ಕೇಬಲ್ 60 ಮೀಟರ್, ಶೀಲ್ಡ್ ಇಲ್ಲ.

ಬಸ್‌ಬಾರ್: ಆದ್ರೂ ರಿಪಲ್ ನೋಡಿ. 50 ಹರ್ಟ್ಸ್ ಸಪ್ಲೈಗೆ 300 ಹರ್ಟ್ಸ್ ಸಹಜ, 100 ಕಂಡರೆ ಕೆಪ್ಯಾಸಿಟರೇ.

ಸ್ಕೋಪ್‌ನೋಟ: 100 ಕಂಡರೆ ಮೊದಲು ಇನ್‌ಪುಟ್ ಫೇಸ್ ನೋಡಬೇಕು. ಒಂದು ಫ್ಯೂಸ್ ಹೋದರೂ ಹಾಗೇ ಕಾಣುತ್ತೆ.

ವೈಂಡರ್: ಒಂದ್ಸಲ ಮೆಗ್ಗರ್ (ಇನ್ಸುಲೇಶನ್ ನೋಡೋ ಹೈ ವೋಲ್ಟೇಜ್ ಮೀಟರ್) ಹಾಕಿಬಿಡಿ.

ಸ್ಕೋಪ್‌ನೋಟ: ಡ್ರೈವ್ ಕಡೆ ಮೋಟಾರ್ ವೈರ್ ಯು, ವಿ, ಡಬ್ಲ್ಯು ಬಿಚ್ಚದೆ ಹಾಕಲೇಬೇಡಿ, ಐಜಿಬಿಟಿ (ಡ್ರೈವ್‌ನ ಸ್ವಿಚಿಂಗ್ ಟ್ರಾನ್ಸಿಸ್ಟರ್) ಹೋಗುತ್ತೆ. ಇಲ್ಲಿ ಅನುಮಾನ ಡ್ರೈವ್ ಸ್ವಿಚಿಂಗ್‌ನಿಂದ ಶಾಫ್ಟ್‌ನಲ್ಲಿ ಏಳೋ ವೋಲ್ಟೇಜ್ ಮೇಲೆ. ಮಲ್ಟಿಮೀಟರ್ ಇದಕ್ಕೆ ಸಾಲದು. ಸ್ಕೋಪ್ ಪ್ರೋಬ್‌ಗೆ ಕಾರ್ಬನ್ ಬ್ರಷ್ ಕಟ್ಟಿ ಶಾಫ್ಟ್‌ಗೆ ತಾಗಿಸಿ, ಗ್ರೌಂಡ್ ಕ್ಲಿಪ್ ಮೋಟಾರ್ ಬಾಡಿಗೆ. ವೋಲ್ಟೇಜ್ ಏರಿ ದಿಢೀರನೆ ಸೊನ್ನೆಗೆ ಬೀಳ್ತಿದ್ದರೆ ಗ್ರೀಸ್ ಪದರ ಸೀಳಿ ಕಿಡಿ ಹಾರ್ತಿದೆ. ಕ್ಯಾರಿಯರ್ ಹೆಚ್ಚಿದಷ್ಟೂ ಕಿಡಿ ಹೆಚ್ಚು.

ಇನ್ನೊಂದು ಮಾತು. ಮಿ.ಮೀ/ಸೆ. ಏರುವ ಹೊತ್ತಿಗೆ ತಡವಾಗಿರುತ್ತೆ. ಆಕ್ಸಲರೇಶನ್ ಎನ್ವಲಪ್ (ಬೇರಿಂಗ್‌ನ ಸಣ್ಣ ಹೊಡೆತ ಬೇರ್ಪಡಿಸಿ ತೋರಿಸೋ ಕಂಪನ ವಿಧಾನ) ತೆಗೆದು ನೋಡಿ. ಹೊರ ರೇಸ್ (ಬೇರಿಂಗ್‌ನ ಹೊರ ಬಳೆ) ಹೊಡೆತ ಸುಮಾರು 0.4 × ಗುಂಡುಗಳ ಸಂಖ್ಯೆ × ಶಾಫ್ಟ್ ವೇಗದಲ್ಲಿ ಬರುತ್ತೆ. 8 ಗುಂಡಿದ್ದರೆ 3.2 ಪಟ್ಟಿನ ಆಸುಪಾಸು.

 

ಫೇಸ್_ಮೂರು: ಬೇರಿಂಗ್ ಬಿಚ್ಚಿ ಹೊರ ರೇಸ್ ಕತ್ತರಿಸಿದೆ. ಒಳಮೈಯಲ್ಲಿ ಬಟ್ಟೆ ಒಗೆಯೋ ಹಲಗೆ ಥರ ಸಮ ಅಂತರದ ಬೂದು ಗೆರೆ, ಗ್ರೀಸ್ ಕಪ್ಪಗೆ. ಕ್ಯಾರಿಯರ್ 4ಕ್ಕೆ ಇಳಿಸಿದ್ದೀನಿ. ಗ್ರೌಂಡಿಂಗ್ ರಿಂಗ್ (ಶಾಫ್ಟ್ ವೋಲ್ಟೇಜನ್ನು ಬಾಡಿಗೆ ಇಳಿಸೋದು) ಯಾವ ತುದಿಗೆ?

ಸ್ಕೋಪ್‌ನೋಟ: ಆ ಗೆರೆ ಕಿಡಿಯದ್ದೇ. ಈ ಸೈಜ್‌ಗೆ ಡ್ರೈವ್ ಎಂಡ್ (ಲೋಡ್ ಕಟ್ಟಿರೋ ಶಾಫ್ಟ್ ತುದಿ) ಒಂದೇ ಸಾಕು. ರಿಂಗ್ ಕೂರೋ ಜಾಗದ ಪೇಂಟ್ ಕೆರೆದು ಲೋಹಕ್ಕೆ ಲೋಹ ತಾಗಿಸಿ. ಶೀಲ್ಡ್ ಕೇಬಲ್ ಎಳೆದು, ಎರಡೂ ತುದಿಯಲ್ಲಿ ಶೀಲ್ಡನ್ನು ಸುತ್ತಲೂ ಗ್ಲ್ಯಾಂಡ್‌ಗೆ ಕಚ್ಚಿಸಿ. ಹೊಸೆದು ಬಾಲ ಮಾಡಿ ಅರ್ತ್‌ಗೆ ಕಟ್ಟಬೇಡಿ. ಮೋಟಾರ್ ಹಿಂದೆ ಎನ್‌ಕೋಡರ್ (ವೇಗ ಅಳೆಯೋ ಸೆನ್ಸರ್) ಇದೆಯಾ? ಇದ್ದರೆ ಅದರ ಬೇರಿಂಗೂ ನೋಡಿ.