ಮನೆಗೆ ನೀರಿನ ಪೈಪು: ಅರ್ಧ ಇಂಚೋ, ಮುಕ್ಕಾಲೋ, ಒಂದೋ?

ಕೇಳಿದವರು, ಕೊಪ್ಪಳ: ಕೆಳಗೊಂದು ಮ್ಯಾಲೊಂದು ಮನಿ ಕಟ್ಟಸಾಕತ್ತೀವ್ರಿ. ಮೂರು ಬಾತ್‌ರೂಮು, ಎರಡು ಅಡಿಗಿಮನಿ. ಪ್ಲಂಬರ್ ಎಲ್ಲಾ ಕಡೆ ಅರ್ಧ ಇಂಚು ಸಾಕು ಅಂತಾನ. ನಮ್ಮ ಮಾವನೋರು ಒಂದಿಂಚಿಗೆ ಕಡಿಮಿ ಹಾಕಿದ್ರ ಫೋರ್ಸೇ ಬರಂಗಿಲ್ಲ ಅಂತಾರ. ಮುಂದಿನ ವಾರ ಗ್ವಾಡಿ ಕೊರೀತಾರ. ಕಟ್ಟಿಸಿದೋರು ಹೇಳ್ರಿ.

ಬಳ್ಳಾರಿಯಿಂದ: ನಾವು ಪ್ಲಂಬರ್ ಮಾತು ಕೇಳಿ ಪೂರ್ತಿ ಅರ್ಧ ಇಂಚೇ ಹಾಕಿಸಿದ್ವಿ. ಒಂದೇ ನಲ್ಲಿ ತಿರುಗಿಸಿದಾಗ ಚೆನ್ನಾಗೇ ಬರ್ತಿತ್ತು, ಅವನು ತೋರಿಸಿದ್ದೂ ಹಾಗೇ. ಬೆಳಿಗ್ಗೆ ಮಗ ಸ್ನಾನಕ್ಕೆ ನಿಂತಾಗ ನಾನು ಅಡುಗೆಮನೆ ನಲ್ಲಿ ತೆರೆದರೆ ಒಳಗಿಂದ ಕೂಗು! ಎರಡು ವರ್ಷ ಅನುಭವಿಸಿ ಕೊನೆಗೆ ಟ್ಯಾಂಕಿನಿಂದ ಇಳಿಯೋ ಲೈನು ಒಂದೂಕಾಲು, ಬಾತ್‌ರೂಮಿಗೆ ಹೋಗೋದು ಮುಕ್ಕಾಲು, ನಲ್ಲಿ ಹತ್ತಿರ ಮಾತ್ರ ಅರ್ಧ ಮಾಡಿಸಿದ್ವಿ. ಕೂಗು ನಿಂತಿತು. ಒಡೆಸಿದ ಟೈಲ್ಸಿನ ಬಣ್ಣ ಮಾತ್ರ ಮತ್ತೆ ಸಿಗಲಿಲ್ಲ.

ಸಿಂಧನೂರಿನಿಂದ: ಮಾವನೋರಿಗೆ ಮೆಲ್ಲಗ ಹೇಳ್ರಿ, ಪೈಪ್ ದಪ್ಪ ಮಾಡಿದ್ರ ಫೋರ್ಸ್ ಹುಟ್ಟಂಗಿಲ್ಲ. ಅದು ಹುಟ್ಟೂದು ಟ್ಯಾಂಕಿನ ಎತ್ತರದಿಂದ. ಒಂದು ಬಾರ್ (ಒತ್ತಡದ ಅಳತಿ) ಬರಬೇಕಂದ್ರ ಸುಮಾರು 33 ಅಡಿ ಎತ್ತರ ಬೇಕು. ನಿಮ್ಮ ಮ್ಯಾಲಿನ ಮನಿ ಶವರಿಗೂ ಟ್ಯಾಂಕಿಗೂ ಆರಡಿ ಅಂತರ ಇದ್ರ 0.2 ಬಾರ್ ಸೈತ ಇಲ್ಲ. ದಪ್ಪ ಪೈಪ್ ಇದ್ದ ಫೋರ್ಸನ್ನ ದಾರ್ಯಾಗ ತಿನ್ನಂಗಿಲ್ಲ, ಅಷ್ಟ ಅದರ ಉಪಕಾರ. ಎಲ್ಬೋ (ಪೈಪ್ ತಿರುಗಿಸೋ ಮೂಲಿ ತುಂಡು) ಹೆಚ್ಚಾದಷ್ಟೂ ಫೋರ್ಸ್ ಸೋರತೈತಿ.

ಇನ್ನೊಂದು. ನಮ್ಮ ತುಂಗಭದ್ರಾ ಎಡದಂಡೆ ಕಾಲುವ್ಯಾಗ ಮ್ಯಾಲಿನವರು ನೀರು ಎಳಕೊಂಡ್ರ ಕೊನೀಭಾಗದವರಿಗೆ ಮುಟ್ಟಂಗಿಲ್ಲ. ಮನ್ಯಾಗ ಇದು ಉಲ್ಟಾ: ಕೆಳಗಿನವರು ನಳ ಬಿಟ್ರ ಮ್ಯಾಲಿನವರಿಗೆ ಇಲ್ಲ. ಅದಕ್ಕ ಮ್ಯಾಲಿನ ಮನಿಗೆ ಟ್ಯಾಂಕಿನಿಂದಲೇ ಬ್ಯಾರೆ ಲೈನ್ ಇಳಸ್ರಿ. ಟ್ಯಾಂಕಿನ ಕಟ್ಟೀನೂ ಮೂರಡಿ ಏರಸ್ರಿ. ಈಗಾದ್ರ ಇಟ್ಟಂಗಿ ಖರ್ಚು ಅಷ್ಟ, ಬಿಟ್ರ ಆಮ್ಯಾಲೆ ಪ್ರೆಶರ್ ಪಂಪಿನ ಖರ್ಚು.

ರಾಯಚೂರಿನಿಂದ: ಬಿಸಿನೀರಿನ ಲೈನಿಗೆ ಮಾತ್ರ ದಪ್ಪ ಬೇಡ. ಗೀಸರಿನಿಂದ ನಲ್ಲಿಗೆ 30 ಅಡಿ ಇದ್ದರೆ ಒಂದಿಂಚಿನ ಪೈಪಿನಲ್ಲಿ ಸುಮಾರು ನಾಲ್ಕು ಲೀಟರ್ ತಣ್ಣೀರು ನಿಂತಿರುತ್ತೆ, ಅಷ್ಟೂ ಹರಿದ ಮೇಲೇ ಬಿಸಿ ಬರೋದು. ಅರ್ಧ ಇಂಚಿನಲ್ಲಿ ಒಂದು ಲೀಟರ್ ಚಿಲ್ಲರೆ. ಗೀಸರ್ ಹತ್ತಿರವೇ ಇದ್ದರೆ ಅರ್ಧ, ದೂರಕ್ಕೆ ಎರಡು ಕಡೆ ಬೇಕಾದರೆ ಮುಕ್ಕಾಲು. ಬಿಸಿ ತಡೆಯೋ ಪ್ಲಾಸ್ಟಿಕ್ ಪೈಪು ಸಿಪಿವಿಸಿನೇ ಹಾಕಿಸಿ, ತಣ್ಣೀರಿಗೆ ಹಾಕೋ ಯುಪಿವಿಸಿ ಬಿಸಿಗೆ ತಡೆಯಲ್ಲ. (ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಗೀಸರ್ ಯಾಕೆ ಬೇಕು ಅನ್ನೋದು ಬೇರೆ ಮಾತು. ಮಧ್ಯಾಹ್ನ ತಣ್ಣೀರಿನ ನಲ್ಲಿಯಲ್ಲೇ ಕೈ ಸುಡುತ್ತೆ.)

ಗಂಗಾವತಿಯಿಂದ: ಪೈಪ್ ಅಂಗಡಿ ಇಟ್ಟವನು ನಾನು. ಜನ ಹೊರಗಿನ ದಪ್ಪ ನೋಡಿ ಒಯ್ತಾರ, ಮೋಸ ಹೋಗೋದು ಅಲ್ಲೇ. ಸಿಪಿವಿಸಿ ಮುಕ್ಕಾಲಿನ ಹೊರಮೈ 22 ಮಿ.ಮೀ., ಯುಪಿವಿಸಿ ಅರ್ಧ ಇಂಚಿನದು 21 ಮಿ.ಮೀ. ಕಣ್ಣಿಗೆ ಎರಡೂ ಒಂದೇ, ಜೋಡಿಸಾಕ ಹೋದ್ರ ಕೂಡಂಗಿಲ್ಲ. ಪೈಪಿನ ಮ್ಯಾಲೆ ಅಚ್ಚಾದ ಅಕ್ಷರ ಓದ್ರಿ. ಎಸ್‌ಡಿಆರ್ ಅಂದ್ರ ಪೈಪಿನ ಹೊರ ಅಳತಿ ಅದರ ಗ್ವಾಡಿ ದಪ್ಪದ ಎಷ್ಟು ಪಟ್ಟು ಅನ್ನೋ ಲೆಕ್ಕ: 11 ಅಂದ್ರ ಪೈಪಿನ ಗ್ವಾಡಿ ದಪ್ಪ, 13.5 ಅಂದ್ರ ತೆಳು. ಬಿಸಿನೀರಿಗೆ 11 ಕೇಳಿ ಒಯ್ರಿ.

ಮತ್ತೆ ಬಳ್ಳಾರಿಯಿಂದ: ಬೋರ್ ನೀರು ಬಕೆಟ್ಟಿಗೆ ಬಿಳಿ ಉಪ್ಪು ಕಟ್ಟುತ್ತಾ? ಹಾಗಿದ್ದರೆ ಅರ್ಧ ಇಂಚಿನ ಉದ್ದ ಲೈನು ಬೇಡವೇ ಬೇಡ. ನಮ್ಮ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಕತ್ತರಿಸಿದಾಗ ಒಳಗೆ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು.

ಕೇಳಿದವರು: ಹೌದ್ರಿ, ಕಟ್ಟತೈತಿ. ಹಂಗಾದ್ರ ಇಳಿಯೂ ಲೈನ್ ಎರಡು, ಒಂದೂಕಾಲಿಂದು. ಒಳಗ ಮುಕ್ಕಾಲು. ಸಂಪಿನಿಂದ ಮ್ಯಾಲೆ ಏರಸಾಕ?

ಸಿಂಧನೂರಿನಿಂದ: ಮೋಟಾರಿನ ಬಾಯಿ ಎಷ್ಟೈತೋ ಅಷ್ಟೇ ಇರಲಿ, ಅದಕ್ಕ ಕಡಿಮಿ ಮಾತ್ರ ಬ್ಯಾಡ.

ಕೇಳಿದವರು: ಆತ್ರಿ. ಕಟ್ಟಿ ಏರಸಾಕ ಮೇಸ್ತ್ರಿಗೆ ಹೇಳಿ ಬಂದೆ. ಮಾವನೋರು ಒಂದೂಕಾಲು ಅಂದ ಕೂಡ್ಲೆ, ನಾ ಅಂದಿದ್ನೆಲ್ಲ ಅಂತ ಮೀಸಿ ತಿರುವಾಕತ್ತಾರ.