ಯಾವ ವಿಪತ್ತು ದೊಡ್ಡದು ಅಂತ ಮಕ್ಕಳು ಕೇಳಿದರೆ ಏನು ಹೇಳಲಿ?

ಭೂಗೋಳ ಟೀಚರ್:
ಹೈಸ್ಕೂಲ್ ಮಕ್ಕಳಿಗೆ ವಿಪತ್ತುಗಳ ಪಾಠ ಮಾಡಬೇಕು. ಪುಸ್ತಕದಲ್ಲಿ ಕಾರಣ, ಪರಿಣಾಮ, ಸತ್ತವರ ಸಂಖ್ಯೆ, ಅಷ್ಟೇ ಇದೆ. ಅದೇ ಭೂಕಂಪದ ಬಗ್ಗೆ ಇಂಜಿನಿಯರ್ ಬರೆದದ್ದು ಒಂದು ಥರ, ಡಾಕ್ಟರ್ ಬರೆದದ್ದು ಇನ್ನೊಂದು ಥರ ಇರುತ್ತದೆ. ಬೇರೆ ಬೇರೆ ಕಡೆಯಿಂದ ನೋಡುವುದನ್ನು ಹೇಗೆ ಕಲಿಸುವುದು?

ಅಂಕಿಪ್ರಿಯ:
2010ರ ಎರಡು ಭೂಕಂಪಗಳನ್ನು ಪಕ್ಕಪಕ್ಕ ಇಡಿ. ಜನವರಿಯಲ್ಲಿ ಹೈಟಿ, ತೀವ್ರತೆ 7.0. ಫೆಬ್ರವರಿಯಲ್ಲಿ ಚಿಲಿ, 8.8. ಚಿಲಿಯದರಲ್ಲಿ ಹೊರಬಿದ್ದ ಶಕ್ತಿ ಸುಮಾರು 500 ಪಟ್ಟು ಜಾಸ್ತಿ. ಹಣದ ನಷ್ಟವೂ ಅಲ್ಲೇ ಹೆಚ್ಚು, ಸುಮಾರು 3,000 ಕೋಟಿ ಡಾಲರ್. ಹೈಟಿಯದು 800 ಕೋಟಿ ಡಾಲರಿನ ಆಸುಪಾಸು. ಆದರೆ ಚಿಲಿಯಲ್ಲಿ ಸತ್ತವರು 500ಕ್ಕೂ ಸ್ವಲ್ಪ ಹೆಚ್ಚು, ಹೈಟಿಯಲ್ಲಿ ಸರ್ಕಾರದ ಲೆಕ್ಕದಂತೆ 2 ಲಕ್ಷಕ್ಕೂ ಮೇಲೆ. ಹೈಟಿಗೆ ಆದ ನಷ್ಟ ಆ ದೇಶದ ಇಡೀ ವರ್ಷದ ಉತ್ಪನ್ನವನ್ನೇ ಮೀರಿತ್ತು. ಯಾವುದು ದೊಡ್ಡದು? ಮಕ್ಕಳೇ ಹೇಳಲಿ.

ಮನೆಮನೆ ಸಮೀಕ್ಷೆ:
ಲೆಕ್ಕ ಸರಿ. ಆದರೆ ಆ ಲೆಕ್ಕ ಎಲ್ಲಿಂದ ಬರುತ್ತದೆ ಅನ್ನೋದನ್ನೂ ತೋರಿಸಿ. ಪ್ರವಾಹದ ನಂತರ ಮನೆಮನೆಗೆ ಹೋಗಿ ಹಾನಿಯ ಫಾರಂ ತುಂಬುವ ಕೆಲಸ ಮಾಡಿದ್ದೇನೆ. ಮೊದಲ ಸಾಲೇ ಮನೆ ಮಾಲೀಕರ ಹೆಸರು. ಆಮೇಲೆ ಗೋಡೆ, ಚಾವಣಿ, ನೆಲ. ಒಂದು ಬಾಡಿಗೆ ಮನೆಯಲ್ಲಿ ಹೊಲಿಗೆ ಮಾಡುವ ಹೆಂಗಸು ಇದ್ದರು. ಯಂತ್ರದೊಳಗೆ ಕೆಸರು ಹೊಕ್ಕು ಚಕ್ರ ತಿರುಗುತ್ತಿರಲಿಲ್ಲ. ಗಿರಾಕಿಗಳು ಹೊಲಿಯಲು ಕೊಟ್ಟಿದ್ದ ಬಟ್ಟೆಯೆಲ್ಲ ಬಣ್ಣ ಬಿಟ್ಟು ಒಂದಕ್ಕೊಂದು ಅಂಟಿಕೊಂಡಿತ್ತು. "ಇದು ನನ್ನ ಬಟ್ಟೆ ಅಲ್ಲವಲ್ಲ, ಕೊಟ್ಟವರಿಗೆ ಏನು ಹೇಳಲಿ?" ಅಂದರು. ಇದನ್ನೆಲ್ಲ ಬರೆಯಲು ಫಾರಂನಲ್ಲಿದ್ದದ್ದು 'ಇತರೆ' ಅನ್ನುವ ಒಂದು ಸಣ್ಣ ಚೌಕ. ಊರಲ್ಲೇ ಇಲ್ಲದ ಮಾಲೀಕರ ಗೋಡೆ ಬಿರುಕು ಮಾತ್ರ ಮೂರು ಸಾಲು ತುಂಬಿತು.

ಮೇಲಿನ ಕಚೇರಿಗೆ ಹೋದಾಗ ಅದು 'ಭಾಗಶಃ ಹಾನಿ, ಒಂದು ಮನೆ' ಆಯಿತು. ಫಾರಂ ಯಾರ ನಷ್ಟ ಕೇಳುತ್ತದೋ ಅವರ ನಷ್ಟ ಮಾತ್ರ ಅಂಕಿಯಾಗುತ್ತದೆ. ಮಕ್ಕಳಿಗೆ ಒಂದು ಫಾರಂ ಬರೆಯಲು ಹೇಳಿ. ಬಾಡಿಗೆದಾರರಿಗೆ, ದಿನಗೂಲಿಯವರಿಗೆ, ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಏನೇನು ಕೇಳಬೇಕು ಅಂತ ಅವರೇ ಯೋಚಿಸಲಿ.

ಭೂಗೋಳ ಟೀಚರ್:
ಇದನ್ನು ಖಂಡಿತ ಮಾಡಿಸುತ್ತೇನೆ. ಒಂದೇ ಅಳುಕು. ಒಬ್ಬೊಬ್ಬರಿಗೆ ಒಂದೊಂದು ಸತ್ಯ ಅಂತ ಮಕ್ಕಳು ತಿಳಿದುಕೊಂಡರೆ?

ಮನೆಮನೆ ಸಮೀಕ್ಷೆ:
ಹಾಗಾಗಲ್ಲ. ಇನ್ನೊಂದು ಕಡೆಯಿಂದ ನೋಡಿದಾಗ ಗೊತ್ತಿರದ ವಾಸ್ತವ ಸಿಗುತ್ತದೆ, ಅದನ್ನು ಪರೀಕ್ಷಿಸಲೂ ಬಹುದು. 2004ರ ಡಿಸೆಂಬರ್ 26ರ ಸುನಾಮಿಯನ್ನೇ ತೆಗೆದುಕೊಳ್ಳಿ. ಇಂಡೋನೇಷ್ಯಾದ ಅಚೆ ಪ್ರಾಂತ್ಯದ ಕೆಲವು ಹಳ್ಳಿಗಳಲ್ಲಿ ಗಂಡಸರಿಗಿಂತ ಹೆಂಗಸರೇ ತುಂಬಾ ಜಾಸ್ತಿ ಸತ್ತರು. ಒಟ್ಟು ಸಂಖ್ಯೆಯಲ್ಲಿ ಇದು ಕಾಣುವುದೇ ಇಲ್ಲ. ಹಲವು ಗಂಡಸರು ದೋಣಿಯಲ್ಲಿದ್ದರು. ಆಳದ ನೀರಿನಲ್ಲಿ ಸುನಾಮಿ ಅಲೆ ಎತ್ತರ ಏಳುವುದಿಲ್ಲ, ದೋಣಿಯ ಕೆಳಗೇ ಹಾದುಹೋಗುತ್ತದೆ. ಹೆಂಗಸರು ದಡದ ಮನೆಗಳಲ್ಲಿದ್ದರು, ಕಂಕುಳಲ್ಲಿ ಮಕ್ಕಳು ಬೇರೆ. ಅದೇ ಅಚೆಯ ಸಿಮೆಲು ದ್ವೀಪ ಸುನಾಮಿ ಎಬ್ಬಿಸಿದ ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರದಲ್ಲಿತ್ತು. ಅಲ್ಲಿ ಸುಮಾರು 78 ಸಾವಿರ ಜನರಲ್ಲಿ ಸತ್ತವರು 7 ಮಂದಿ. 1907ರ ಸುನಾಮಿಯ ಕಥೆಯನ್ನು ಅಜ್ಜಿಯರು ಹೇಳುತ್ತಲೇ ಬಂದಿದ್ದರು. ನೆಲ ನಡುಗಿತು, ಎಲ್ಲರೂ ಗುಡ್ಡ ಹತ್ತಿದರು.

ಅಂಕಿಪ್ರಿಯ:
ನನ್ನ ಹೈಟಿ ಉದಾಹರಣೆಗೂ ಒಂದು ಸೇರಿಸಿಕೊಳ್ಳಿ. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿ ಕಾಲರಾ ಶುರುವಾಯಿತು. ಸೋಂಕು ಬಂದದ್ದು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದಿಂದ. ಮುಂದಿನ ವರ್ಷಗಳಲ್ಲಿ ಸಾವಿರಾರು ಜನ ಸತ್ತರು. ಜನವರಿಯ ಲೆಕ್ಕದಲ್ಲಿ ಅವರಿಲ್ಲ. ಅವರನ್ನು ಭೂಕಂಪದ ಪರಿಣಾಮಕ್ಕೆ ಸೇರಿಸಬೇಕೋ ಬೇಡವೋ, ಇದನ್ನೇ ತರಗತಿಯಲ್ಲಿ ಚರ್ಚೆಗೆ ಕೊಡಿ.