ಸಿಹಿಗುಂಬಳದ ಬ್ರೆಡ್ ಮೇಲೆ ಚೆನ್ನಾಗಿದೆ, ತಳದಲ್ಲಿ ಹಲ್ವಾ ಆಗ್ತಿದೆ. ಎಲ್ಲಿ ತಪ್ಪಿದೆ?

ಕುವೆಂಪುನಗರದವಳು:
ಹೋದ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಆ ತಿಂಗಳು ಅಲ್ಲಿ ಯಾರ ಮನೆ ಮೆಟ್ಟಿಲು ನೋಡಿದರೂ ಕುಂಬಳಕಾಯಿ. ಅಕ್ಕ ಡಬ್ಬಿ ಕುಂಬಳ ಹಾಕಿ ಬ್ರೆಡ್ ಮಾಡ್ತಿದ್ದಳು. ಹೆಸರಿಗೆ ಬ್ರೆಡ್ಡು ಅಷ್ಟೆ, ಈಸ್ಟೂ ಇಲ್ಲ, ನಾದೋದೂ ಇಲ್ಲ, ಕಲಸಿ ಒವನ್‌ಗೆ ಇಟ್ಟರೆ ಆಯ್ತು. ಚಕ್ಕೆ, ಜಾಯಿಕಾಯಿ ಘಮ ಇನ್ನೂ ಮೂಗಿನಲ್ಲಿದೆ.

ಮೈಸೂರಿಗೆ ಬಂದ ಮೇಲೆ ದೇವರಾಜ ಮಾರುಕಟ್ಟೆಯ ಕುಂಬಳದಲ್ಲಿ ಎರಡು ಸಲ ಮಾಡಿದೆ. ಮೈದಾ 200 ಗ್ರಾಂ, ಸಕ್ಕರೆ 180, ಎಣ್ಣೆ ಅರ್ಧ ಕಪ್, ಮೊಟ್ಟೆ 2, ಅಡುಗೆ ಸೋಡಾ ಒಂದು ಟೀ ಚಮಚ, ಅರ್ಧ ಚಮಚ ಉಪ್ಪು, ಒಂದು ಚಮಚ ಚಕ್ಕೆ ಪುಡಿ, ಚೂರು ಜಾಯಿಕಾಯಿ, ಒಂದು ಕಪ್ ಕುಂಬಳ. ಕುಂಬಳವನ್ನು ಕುಕ್ಕರಿನಲ್ಲಿ ನೀರು ಹಾಕಿ ಮೂರು ವಿಷಲ್ ಕೂಗಿಸಿ ಮಿಕ್ಸಿಗೆ ಹಾಕಿದ್ದೆ. 180 ಡಿಗ್ರಿಯಲ್ಲಿ 45 ನಿಮಿಷ. ಮೇಲೆ ಒಳ್ಳೆ ಬಣ್ಣ. ಹೊರಗೆ ತೆಗೆದ ಹತ್ತೇ ನಿಮಿಷಕ್ಕೆ ನಡು ಕುಸೀತು, ಕುಯ್ದರೆ ತಳದಲ್ಲಿ ಎರಡು ಬೆರಳು ದಪ್ಪ ಹಸಿಹಸಿ. ಮುಂದಿನ ವಾರ ಅಕ್ಕ ಬರ್ತಾಳೆ. ನಮ್ಮ ಕುಂಬಳದ್ದೇ ಬ್ರೆಡ್ ಅವಳಿಗೆ ಕೊಡಬೇಕು ಅಂತ ತುಂಬಾ ಆಸೆ.

ಬಾಸ್ಟನ್ ಅಡುಗೆಮನೆ:
ನಿಮ್ಮ ಅಳತೆಯಲ್ಲಿ ತಪ್ಪಿಲ್ಲ ಮೇಡಂ, ಕುಂಬಳದಲ್ಲಿ ನೀರು ಜಾಸ್ತಿ. ಇಲ್ಲಿನ 425 ಗ್ರಾಂ ಡಬ್ಬಿ ತೆರೆದು ಚಮಚ ಚುಚ್ಚಿದರೆ ಚಮಚ ನೆಟ್ಟಗೆ ನಿಲ್ಲುತ್ತೆ, ಅಷ್ಟು ಗಟ್ಟಿ. ಕುಕ್ಕರಿನಲ್ಲಿ ನೀರು ಹಾಕಿ ಬೇಯಿಸಿದ್ದು ಸಾರಿನ ಹಾಗೆ ಹರಿಯುತ್ತೆ. ಇಡ್ಲಿ ಪಾತ್ರೆಯಲ್ಲಿ ಹಬೆಗೆ ಬೇಯಿಸಿ, ಮಲ್ ಬಟ್ಟೆಯಲ್ಲಿ ಒಂದು ಗಂಟೆ ಇಳಿಬಿಡಿ. ರುಬ್ಬಿದ ಮೇಲೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ತಿರುಗಿಸ್ತಾ ಇರಿ. ಸೌಟು ಎಳೆದಾಗ ಬಾಣಲೆ ತಳ ಕಂಡು, ದಾರಿ ತಕ್ಷಣ ಮುಚ್ಚಿಕೊಳ್ಳದೆ ಇದ್ದರೆ ಸಾಕು. ಪೂರ್ತಿ ತಣ್ಣಗಾದ ಮೇಲೆ 240 ಗ್ರಾಂ ತೂಗಿ. ಕಪ್ ಲೆಕ್ಕ ಬೇಡ.

ಮೈದಾ ಹಾಕಿದ ಮೇಲೆ ಬೀಟರ್ ಮುಟ್ಟಬೇಡಿ, ಬಿಳಿ ಹಿಟ್ಟು ಕಾಣದ ಹಾಗೆ ಕಲಸಿ ನಿಲ್ಲಿಸಿ. 45 ನಿಮಿಷ ಸಾಲದು. 175 ಡಿಗ್ರಿಯಲ್ಲಿ ಒಂದು ಗಂಟೆ ಬೇಕು, 50 ನಿಮಿಷದ ಒಳಗೆ ಬಾಗಿಲು ತೆಗೀಬೇಡಿ. ಅಕ್ಕನ ಹತ್ತಿರ ಡಬ್ಬಿ ತರಿಸಿದರೆ 'ಪೈ ಫಿಲ್ಲಿಂಗ್' ಅಂತ ಬರೆದಿರೋದು ಬೇಡ, ಅದರಲ್ಲಿ ಸಕ್ಕರೆ, ಮಸಾಲೆ ಮೊದಲೇ ಸೇರಿರುತ್ತೆ.

ಕುಮಟಾದಿಂದ:
ನಮ್ಮ ಅಮ್ಮ ಸೌತೆಕಾಯಿ ತವಸಳಿ, ಅಂದರೆ ರವೆ ಹಾಕಿದ ಸಿಹಿ ಕೇಕು, ಮಾಡುವಾಗ ತುರಿ ಬಿಟ್ಟ ನೀರಲ್ಲೇ ರವೆ ನೆನೆಸ್ತಿದ್ದರು, ಬೇರೆ ನೀರು ಒಂದು ಹನಿಯೂ ಇಲ್ಲ. ಹಿಂದೆ ಅದನ್ನ ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸೋರು. ರವೆ ನೀರು ಕುಡಿಯುತ್ತೆ, ಮೈದಾ ಅಷ್ಟು ಕುಡಿಯೋದಿಲ್ಲ. ಎಳೆ ಕುಂಬಳ ತರಬೇಡಿ ತಂಗಿ. ತೊಟ್ಟು ಒಣಗಿ, ಉಗುರು ಇಳಿಯದಷ್ಟು ಸಿಪ್ಪೆ ಗಟ್ಟಿ ಇರೋದು ನೋಡಿ. ಒವನ್ ಇಲ್ಲದವರಿಗೂ ಹೇಳ್ತೇನೆ: ಕುಕ್ಕರಿನ ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದು, ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡಿನ ಮೇಲೆ ಟಿನ್ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು.

ಕುವೆಂಪುನಗರದವಳು:
ನಿನ್ನೆ ಸಂಜೆ ಮಾಡಿದೆ! ಸಿಪ್ಪೆ ತೆಗೆದ 600 ಗ್ರಾಂ ತುಂಡು ಬಾಣಲೆಯಿಂದ ಇಳಿಸುವಾಗ 250 ಗ್ರಾಂ ಆಗಿತ್ತು. ಬಟ್ಟೆಯಿಂದಲೇ ಮುಕ್ಕಾಲು ಲೋಟ ನೀರು ಇಳಿದಿತ್ತು. ಹೋದ ಎರಡು ಸಲವೂ ಅಷ್ಟೂ ನೀರನ್ನ ನಾನೇ ಹಿಟ್ಟಿಗೆ ಸುರಿದಿದ್ದೆ. 62 ನಿಮಿಷಕ್ಕೆ ಕಡ್ಡಿ ಚುಚ್ಚಿದರೆ ಅಂಟಲಿಲ್ಲ. ನಡುವೆ ಉದ್ದಕ್ಕೆ ಬಿರುಕು ಬಿಟ್ಟು ಉಬ್ಬಿದೆ, ಅಕ್ಕ ಮಾಡಿದ್ದು ಹೀಗೇ ಇರ್ತಿತ್ತು. ಕುಯ್ಯದೆ ರಾತ್ರಿಯಿಡೀ ಹಾಗೇ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ತಳದವರೆಗೂ ಒಂದೇ ಸಮ, ಕೇಸರಿ ಬಣ್ಣ.

ಎದುರು ಮನೆ ಆಂಟಿಗೆ ಎರಡು ತುಂಡು ಕೊಟ್ಟೆ. ಚಕ್ಕೆ ಕಡಿಮೆ ಮಾಡಿ ಏಲಕ್ಕಿ ಹಾಕು ಅಂದರು. ಅಕ್ಕ ಬರೋದಕ್ಕೆ ಇನ್ನೂ ನಾಲ್ಕು ದಿನ ಇದೆ, ಭಾನುವಾರ ಅದನ್ನೂ ಮಾಡಿ ನೋಡ್ತೀನಿ.